ಯಾರು ಹೇಳಿದ್ದು?

ಪಾಲಾರ್‌ನಲ್ಲಿ ಕೂತು ಹಿಮದ ಬಗ್ಗೆ ಯೋಚಿಸುವುದಕ್ಕೆ ಒಂದು ಕಾರಣ ಬೇಕು. ಮಲೆ ಮಹದೇಶ್ವರ ಬೆಟ್ಟ ಇಳಿದು ಮೆಟ್ಟೂರಿನ ಕಡೆ ಹೋಗುವ ರಸ್ತೆಯಲ್ಲಿ ಕರ್ನಾಟಕ ಮುಗಿಯುವ ಜಾಗ ಇದು. ಒಂದು ಹೊಳೆ, ಅದರ ಮೇಲೊಂದು ಸೇತುವೆ, ಚೆಕ್‌ಪೋಸ್ಟು, ಸುತ್ತ ಕುರುಚಲು ಕಾಡು. ಏಪ್ರಿಲ್ ಬಂತೆಂದರೆ ಇಲ್ಲಿನ ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಹಿಮ ಎನ್ನುವುದು ನಮಗೆ ಕ್ಯಾಲೆಂಡರಿನ ಚಿತ್ರ, ಇಲ್ಲವೇ ರಜೆಗೆ ಬಂದ ಯೋಧರು ಹೇಳುವ ಕಥೆ.

ಕಾರಣ ಸಿಕ್ಕಿದ್ದು 2016ರಲ್ಲಿ. ಆ ವರ್ಷ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ದೊಡ್ಡದೊಂದು ಮಂಜುಗಡ್ಡೆಯ ಗೋಡೆ ಕುಸಿಯಿತು. ಅಲ್ಲಿದ್ದ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಹುಡುಕುತ್ತಾ ಹೋದವರಿಗೆ ಆರನೇ ದಿನ, ಹಲವು ಅಡಿ ಮಂಜಿನ ಕೆಳಗೆ, ಒಬ್ಬರು ಇನ್ನೂ ಉಸಿರಾಡುತ್ತಾ ಸಿಕ್ಕಿದರು. ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಮೂರು ದಿನ ನಾಡಿಗೆ ನಾಡೇ ಅವರಿಗಾಗಿ ಹರಕೆ ಹೊತ್ತಿತ್ತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಸತ್ತ ಹತ್ತು ಮಂದಿಯಲ್ಲಿ ಮೂವರು ಕರ್ನಾಟಕದವರು, ನಾಲ್ವರು ತಮಿಳುನಾಡಿನವರು. ನಮ್ಮ ಸೇತುವೆಯ ಈಚೆಯವರೂ ಆಚೆಯವರೂ ಒಂದೇ ಠಾಣೆಯಲ್ಲಿದ್ದರು.

ಆಗ ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಕೇಳಿದ ಪ್ರಶ್ನೆ ಒಂದೇ: ಇಷ್ಟೆಲ್ಲ ಉಪಗ್ರಹ, ಕಂಪ್ಯೂಟರು ಇಟ್ಟುಕೊಂಡು ಮೊದಲೇ ಗೊತ್ತು ಮಾಡಿಕೊಳ್ಳಲು ಆಗುತ್ತಿರಲಿಲ್ಲವೇ? ಸೋನಮ್‌ನಲ್ಲಿ ಬಿದ್ದದ್ದು ಮಂಜುಗಡ್ಡೆಯ ಗೋಡೆ. ಹಿಮದ ಪದರಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಅಂಥ ಕುಸಿತವನ್ನು ಹೇಳುವುದಕ್ಕೆ ಮಾಡಿದವಲ್ಲ. ಆದ್ದರಿಂದ ಆ ಘಟನೆಯನ್ನು ಹಿಡಿದು ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಆದರೆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮೊದಲೇ ಗೊತ್ತಾಗುವುದು ಅಂದರೇನು? ಯಾರೂ ಹೋಗಿ ನೋಡದ ಇಳಿಜಾರಿನ ಬಗ್ಗೆ ಒಂದು ಯಂತ್ರ ಏನಾದರೂ ಹೇಳಿದರೆ, ಆ ಮಾತನ್ನು ನಂಬಿ ಒಬ್ಬ ಮನುಷ್ಯ ಹೆಜ್ಜೆ ಇಟ್ಟರೆ, ಆ ಮಾತಿನ ಭಾರ ಹೊರುವವರು ಯಾರು?

ಹಿಮಕುಸಿತ ಹೇಗಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಬೆಟ್ಟದ ಮೇಲೆ ಬೀಳುವ ಹಿಮ ಒಂದೇ ಮುದ್ದೆಯಾಗಿ ಕೂರುವುದಿಲ್ಲ. ಪ್ರತಿ ಸಲ ಬಿದ್ದದ್ದು ಒಂದೊಂದು ಪದರ. ಬಿದ್ದ ಮೇಲೂ ಪ್ರತಿ ಪದರ ಬದಲಾಗುತ್ತಲೇ ಇರುತ್ತದೆ. ನೆಲದ ಹತ್ತಿರ ಬೆಚ್ಚಗೆ, ಮೇಲೆ ಕೊರೆಯುವ ಚಳಿ ಇದ್ದರೆ ಒಳಗಿನ ಹರಳುಗಳು ಒಂದಕ್ಕೊಂದು ಅಂಟದ ಕಾಳುಗಳಾಗುತ್ತವೆ. ಬಯಲಾದ ರಾತ್ರಿಗಳಲ್ಲಿ ಹಿಮದ ಮೇಲೆ ಗರಿಯಂಥ ಹರಳು ಬೆಳೆದು, ಅದರ ಮೇಲೆ ಮತ್ತೆ ಹಿಮ ಬಿದ್ದು ಮುಚ್ಚಿಕೊಳ್ಳುವುದೂ ಉಂಟು. ನಮ್ಮ ಕಡೆಯವರಿಗೆ ಹೀಗೆ ಹೇಳಬಹುದು: ಇಳಿಜಾರಾದ ಕಣದ ಮೇಲೆ ರಾಗಿ ಹರಡಿ, ಅದರ ಮೇಲೆ ಅಗಲವಾದ ಹಲಗೆ ಇಟ್ಟು, ಹಲಗೆಯ ಮೇಲೆ ಒಬ್ಬರು ನಿಂತ ಹಾಗೆ. ಹಲಗೆ ಗಟ್ಟಿಯಾಗಿಯೇ ಇದೆ. ಜಾರುವುದು ಕೆಳಗಿನ ರಾಗಿ. ಹಲಗೆಯಂಥ ಹಿಮ ಹೀಗೆ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಮೇಲೆ ನಿಂತವರ ಕಣ್ಣಿಗೆ ಕಾಣುವುದು ಬೆಳ್ಳಗೆ ಹಾಸಿದ ಮೇಲ್ಮೈ ಮಾತ್ರ.

ಒಳಗೆ ಏನಿದೆ ಎಂದು ತಿಳಿಯಲು ಹಿಂದಿನಿಂದ ಬಂದ ದಾರಿ ಅಗೆಯುವುದು. ಹಿಮದಲ್ಲಿ ಗುಂಡಿ ತೋಡಿ, ಗೋಡೆಯನ್ನು ನುಣ್ಣಗೆ ಕತ್ತರಿಸಿ, ಪದರ ಪದರವಾಗಿ ಬೆರಳಿನಿಂದ ಒತ್ತಿ ನೋಡುತ್ತಾರೆ. ಒಂದು ಕಂಬದಷ್ಟು ಹಿಮವನ್ನು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು, ಮೊದಲು ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ, ಕೊನೆಗೆ ಭುಜದಿಂದ ತಟ್ಟುತ್ತಾರೆ. ಎಷ್ಟನೇ ಪೆಟ್ಟಿಗೆ ಯಾವ ಪದರ ಜಾರಿತು ಎಂದು ಬರೆದುಕೊಳ್ಳುತ್ತಾರೆ. ಒಳ್ಳೆಯ ವಿಧಾನವೇ. ಆದರೆ ಇದರಲ್ಲಿ ಎರಡು ತೊಡಕು. ಒಂದು ಗುಂಡಿ ಹೇಳುವುದು ಒಂದು ಜಾಗದ ಕಥೆಯನ್ನು ಮಾತ್ರ. ಹತ್ತು ಮಾರು ಆಚೆ ಗಾಳಿ ಬೇರೆ ರೀತಿ ಹಿಮ ಗುಡ್ಡೆ ಹಾಕಿರಬಹುದು. ಎರಡನೆಯದು ಇನ್ನೂ ದೊಡ್ಡದು. ನಮಗೆ ತಿಳಿಯಬೇಕಾದದ್ದು ಅಪಾಯದ ಇಳಿಜಾರಿನ ಬಗ್ಗೆ, ಆದರೆ ಅಪಾಯ ಇರುವುದರಿಂದಲೇ ಅಲ್ಲಿ ಅಗೆಯಲು ಹೋಗುವಂತಿಲ್ಲ.

ಕಂಪ್ಯೂಟರ್ ಮಾದರಿಗಳು ಬಂದದ್ದು ಈ ಜಾಗದಲ್ಲಿ. ಫ್ರಾನ್ಸಿನ ಹವಾಮಾನ ಇಲಾಖೆ 1980ರ ದಶಕದ ಕೊನೆಯಲ್ಲಿ ಕ್ರೋಕಸ್ ಎಂಬ ಮಾದರಿ ರೂಪಿಸಿತು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಹಿಮ ಸಂಶೋಧನಾ ಸಂಸ್ಥೆ ಸ್ನೋಪ್ಯಾಕ್ ಎಂಬುದನ್ನು ಬೆಳೆಸಿತು. ಬೆಟ್ಟದ ಮೇಲಿನ ಸ್ವಯಂಚಾಲಿತ ಕೇಂದ್ರಗಳು ಗಾಳಿ, ಉಷ್ಣತೆ, ತೇವ, ಬಿಸಿಲು, ಹಿಮದ ಎತ್ತರ ಇವನ್ನು ಕಳಿಸುತ್ತಿರುತ್ತವೆ. ಮಾದರಿ ಅದನ್ನು ಹಿಡಿದು, ಚಳಿಗಾಲದ ಮೊದಲ ಹಿಮದಿಂದ ಶುರು ಮಾಡಿ, ಒಂದೊಂದು ಪದರವನ್ನೂ ತನ್ನೊಳಗೆ ಬೆಳೆಸುತ್ತಾ ಹೋಗುತ್ತದೆ: ಇಂಥ ರಾತ್ರಿಯ ಚಳಿಗೆ ಈ ಪದರದ ಕಾಳು ಹೀಗಾಗಿರಬೇಕು, ಇಂಥ ಬಿಸಿಲಿಗೆ ಇಷ್ಟು ನೀರು ಇಳಿದಿರಬೇಕು, ಎಂದು. ಯಾರೂ ಅಗೆಯದ ಗುಂಡಿಯ ಚಿತ್ರವೊಂದು ಪರದೆಯ ಮೇಲೆ ಮೂಡುತ್ತದೆ. ನಮ್ಮ ದೇಶದಲ್ಲಿ ಈ ವಿದ್ಯೆಗೆಂದು 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ ಶುರುವಾಯಿತು. 2020ರಲ್ಲಿ ಅದು ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿ ಚಂಡೀಗಢದ ಹೊಸ ಸಂಸ್ಥೆಯಾಯಿತು. ಗಡಿಯ ಠಾಣೆಗಳಿಗೆ ಹಿಮಕುಸಿತದ ಮುನ್ಸೂಚನೆ ಹೋಗುವುದು ಇಂಥ ಕಡೆಯಿಂದ.

ಯಂತ್ರದ ಮಾತು ಬಂದ ಕೂಡಲೇ ನಮ್ಮಲ್ಲಿ ಒಂದು ಸುಲಭದ ಆಕ್ಷೇಪ ಏಳುತ್ತದೆ. ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತ ಕಂಪ್ಯೂಟರಿಗೆ ಬೆಟ್ಟದ ಬಗ್ಗೆ ಏನು ಗೊತ್ತು? ಬೆಟ್ಟ ತಿಳಿದವರು ಬೆಟ್ಟದಲ್ಲಿ ಇರುವವರು. ಈ ಮಾತು ಕೇಳಲು ಹಿತವಾಗಿದೆ. ಕಾಡಿನ ಸದ್ದಿನಿಂದಲೇ ಆನೆಯ ಇರವು ಹೇಳಬಲ್ಲ ಸೋಲಿಗರ ನಡುವೆ ಬದುಕುವ ನನಗೆ ಆ ತಿಳಿವಿನ ಬಗ್ಗೆ ಗೌರವವೂ ಇದೆ. ಆದರೂ ಈ ಆಕ್ಷೇಪವನ್ನು ನಾನು ಒಪ್ಪಲಾರೆ. ಯಾಕೆಂದರೆ ಅದು ಒಂದು ವಿಷಯವನ್ನು ಮುಚ್ಚಿಡುತ್ತದೆ. ಅಳೆಯುವ ಯಂತ್ರ ಇಲ್ಲದ ಕಡೆ ಅಳತೆಯೇ ಇರುವುದಿಲ್ಲ ಎಂದಲ್ಲ, ಅಲ್ಲಿ ಮನುಷ್ಯನ ಮೈಯೇ ಅಳತೆಗೋಲಾಗುತ್ತದೆ.

ಪಾಲಾರ್ ಹೊಳೆಯನ್ನೇ ತೆಗೆದುಕೊಳ್ಳಿ. ಇಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಹೊಡೆದರೆ ಕೆಂಪು ನೀರು ಒಮ್ಮೆಲೇ ಇಳಿಯುತ್ತದೆ. ಸೇತುವೆಯಿಲ್ಲದ ಹಳ್ಳಕೊಳ್ಳಗಳಲ್ಲಿ ನೀರಿನ ಆಳ, ಸೆಳೆತ ತಿಳಿಯಬೇಕೆಂದರೆ ಯಾರಾದರೂ ಮೊದಲು ಕಾಲಿಡಲೇಬೇಕು. ಮೊದಲು ಕಾಲಿಟ್ಟವರು ಯಾರು? ಊರಿನ ಯಜಮಾನರಲ್ಲ. ಎತ್ತು ಹೊಡೆಯುವ ಆಳು, ಮೂಟೆ ಹೊರುವವನು, ದಾಟಿ ಹೋಗದಿದ್ದರೆ ಅವತ್ತಿನ ಕೂಲಿ ಇಲ್ಲದವನು. ಹಿಮದ ನಾಡಿನಲ್ಲೂ ಹೀಗೆಯೇ. ಇಳಿಜಾರಿನ ಮೇಲೆ ಮೊದಲ ಹೆಜ್ಜೆ ಇಡುವವರು ಸಾಮಾನು ಹೊರುವವರು, ರಸ್ತೆಯ ಹಿಮ ತೆಗೆಯುವ ಕೂಲಿಗಳು, ಸರತಿಯ ಮುಂದಿರುವ ಸಿಪಾಯಿ. ಅವರು ದಾಟಿದರೆ ದಾರಿ ಸರಿ ಇದೆ ಎಂದರ್ಥ. ದಾಟದಿದ್ದರೆ, ಸರಿ ಇಲ್ಲ ಎಂದು ಉಳಿದವರಿಗೆ ತಿಳಿಯಿತು. ಬೆಟ್ಟದವರ ಅನುಭವಜ್ಞಾನ ಎಂದು ನಾವು ಹೊಗಳುವುದರ ಒಂದು ಪಾಲು ಹೀಗೆ ಕೂಡಿಟ್ಟದ್ದು. ಅದಕ್ಕೆ ಬೆಲೆ ಕೊಟ್ಟವರ ಹೆಸರು ಎಲ್ಲೂ ಇಲ್ಲ. ಪರದೆಯ ಮೇಲೆ ಮೂಡುವ ಗುಂಡಿ ಅಂಥ ಒಬ್ಬ ಮನುಷ್ಯನನ್ನು ಮುಂದೆ ಕಳಿಸದೆ ಉಳಿಸಿದರೆ, ಅದು ನ್ಯಾಯದ ಕೆಲಸವೇ. ಯಂತ್ರ ಬೇಡ ಎನ್ನುವವರು ಅದರ ಬದಲಿಗೆ ಯಾರನ್ನು ಕಳಿಸುತ್ತೀರಿ ಎಂಬುದಕ್ಕೆ ಉತ್ತರ ಕೊಡಬೇಕು.

ಹಾಗಾದರೆ ಸಮಸ್ಯೆ ಎಲ್ಲಿದೆ? ಯಂತ್ರ ಬೇಕೇ ಬೇಡವೇ ಎಂಬಲ್ಲಿ ಇಲ್ಲ. ಅದರ ಮಾತು ಯಾವ ಜಾತಿಯ ಮಾತು ಎಂಬಲ್ಲಿ ಇದೆ.

ನಮ್ಮ ಹಳೆಯ ತರ್ಕಶಾಸ್ತ್ರ ಈ ವಿಚಾರವನ್ನು ಚೆನ್ನಾಗಿ ಬಿಡಿಸಿಟ್ಟಿದೆ. ಗೌತಮನ ನ್ಯಾಯಸೂತ್ರಗಳು ತಿಳಿವಿಗೆ ನಾಲ್ಕು ದಾರಿ ಹೇಳುತ್ತವೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಗುಂಡಿ ತೋಡಿ ನೋಡುವುದು ಪ್ರತ್ಯಕ್ಷ. ಹೊಗೆ ಕಂಡು ಬೆಂಕಿ ಇದೆ ಎನ್ನುವುದು ಅನುಮಾನ. ಕಂಪ್ಯೂಟರ್ ಮಾದರಿ ಮಾಡುವುದೂ ಅದನ್ನೇ. ನೂರಾರು ಸಣ್ಣ ಅನುಮಾನಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ, ಚಳಿಯಿಂದ ಕಾಳಿಗೆ, ಕಾಳಿನಿಂದ ಜಾರುವಿಕೆಗೆ ಹೋಗುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಇದೆಲ್ಲ ನಡೆಯುವುದು ಮುನ್ಸೂಚನೆ ಬರೆಯುವವರ ಕೋಣೆಯಲ್ಲಿ. ಬೆಟ್ಟದ ಬುಡದಲ್ಲಿ ನಿಂತ ಸಿಪಾಯಿಗೆ ಆ ಸರಪಳಿ ಕಾಣುವುದಿಲ್ಲ. ಅವನ ಕೈಗೆ ಬರುವುದು ಒಂದು ಅಂಕಿ, ಒಂದು ಬಣ್ಣ, ಎರಡು ಸಾಲು. ಅವನ ಪಾಲಿಗೆ ಅದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ. ಬರೀ ಶಬ್ದ, ಇನ್ನೊಬ್ಬರ ಮಾತು.

ಇನ್ನೊಬ್ಬರ ಮಾತು ಯಾವಾಗ ಪ್ರಮಾಣವಾಗುತ್ತದೆ? ಹೇಳುವವರು ಆಪ್ತರಾಗಿದ್ದರೆ, ಎನ್ನುತ್ತದೆ ನ್ಯಾಯ. ಆಪ್ತ ಎಂದರೆ ಇಲ್ಲಿ ಸ್ನೇಹಿತನಲ್ಲ. ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ವಿಷಯವನ್ನು ತಾನು ಸರಿಯಾಗಿ ತಿಳಿದಿರಬೇಕು, ತಿಳಿದದ್ದನ್ನು ತಿಳಿದ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯೂ ಇರಬೇಕು. ಈ ಲಕ್ಷಣ ಋಷಿಗಾಗಲಿ ಮ್ಲೇಚ್ಛನಿಗಾಗಲಿ ಒಂದೇ ಎಂದೂ ಅವನು ಸೇರಿಸುತ್ತಾನೆ. ಹುಟ್ಟು, ಪದವಿ ಯಾವುದೂ ಲೆಕ್ಕಕ್ಕಿಲ್ಲ. ತಿಳಿವು ಮತ್ತು ತಿಳಿಸುವ ಮನಸ್ಸು, ಎರಡೇ.

ಸೇನೆಯಿಂದ ನಿವೃತ್ತರಾಗಿ ಬಂದ ನಮ್ಮ ಕಡೆಯವರೊಬ್ಬರು ಹಿಮದ ಠಾಣೆಯಲ್ಲಿ ಕಳೆದ ದಿನಗಳ ಬಗ್ಗೆ ಒಮ್ಮೆ ಮಾತಾಡುತ್ತಿದ್ದರು. ಹಗ್ಗ ಕಟ್ಟಿಕೊಂಡು ಸಾಲಾಗಿ ನಡೆಯುವುದು, ಬಿಸಿಲೇರುವ ಮುಂಚೆ ದಾಟುವುದು, ಎಲ್ಲ ಹೇಳಿದರು. ಮುನ್ಸೂಚನೆಯ ಕಾಗದ ನಂಬುತ್ತಿದ್ದಿರಾ ಎಂದು ಕೇಳಿದೆ. "ಕಾಗ್ದದಲ್ಲಿ ಏನಾರ ಬರ್ದಿರ್ಲಿ ಸಾ, ಅದ್ನ ಓದೋವಾಗ ನಾವು ನಮ್ ಸುಬೇದಾರ್ ಮೊಕ ನೋಡ್ತಿದ್ವಿ" ಎಂದರು. ವಾತ್ಸ್ಯಾಯನ ಹೇಳಿದ್ದು ಇದನ್ನೇ ಅಲ್ಲವೇ? ಅವರು ಹುಡುಕುತ್ತಿದ್ದದ್ದು ಕಾಗದದ ಹಿಂದಿನ ಮನಸ್ಸನ್ನು. ಈ ಮಾತು ಹೇಳುತ್ತಿರುವವನು ನಾವು ಬದುಕಿ ಬರಬೇಕೆಂದು ಬಯಸುತ್ತಾನೋ ಇಲ್ಲವೋ, ತಾನು ಓದುತ್ತಿರುವುದನ್ನು ತಾನೇ ನಂಬುತ್ತಾನೋ ಇಲ್ಲವೋ ಎಂಬುದನ್ನು.

ಯಂತ್ರ ಆಪ್ತನಾಗಬಲ್ಲದೇ? ಅದಕ್ಕೆ ಸುಳ್ಳು ಹೇಳುವ ಆಸೆ ಇಲ್ಲ. ಮೇಲಧಿಕಾರಿಯ ಭಯ ಇಲ್ಲ, ನಿದ್ದೆಗೆಟ್ಟು ತೂಕಡಿಸುವುದಿಲ್ಲ. ಈ ಮಟ್ಟಿಗೆ ಅದು ಎಷ್ಟೋ ಮನುಷ್ಯರಿಗಿಂತ ಮೇಲು. ಆದರೆ ಸುಳ್ಳು ಹೇಳುವ ಆಸೆ ಇಲ್ಲದಿರುವುದೂ ನಿಜ ತಿಳಿಸುವ ಆಸೆ ಇರುವುದೂ ಒಂದೇ ಅಲ್ಲ. ನಿಜ ತಿಳಿಸುವ ಆಸೆ ಇರುವವನು ತನಗೆ ತಿಳಿಯದ್ದನ್ನೂ ಹೇಳುತ್ತಾನೆ. "ಆ ಕಣಿವೆಯ ಬಗ್ಗೆ ನನಗೆ ಗೊತ್ತಿಲ್ಲ, ಇವತ್ತು ಅಲ್ಲಿಗೆ ಹೋಗಬೇಡಿ" ಎನ್ನುತ್ತಾನೆ. ಮಾದರಿ ತಾನಾಗಿ ಹೀಗೆ ಹೇಳುವುದಿಲ್ಲ. ಕೇಳಿದ ಕಡೆಗೆಲ್ಲ ಅದು ಒಂದು ಅಂಕಿ ಕೊಡುತ್ತದೆ. ಅಳೆಯುವ ಕೇಂದ್ರ ಹತ್ತಿರವಿದ್ದರೂ ಅಂಕಿಯೇ, ದೂರವಿದ್ದರೂ ಅಂಕಿಯೇ. ಗಾಳಿ ಒಂದು ಬದಿಯ ಹಿಮವನ್ನು ಎತ್ತಿ ಇನ್ನೊಂದು ಬದಿಗೆ ಸುರಿದದ್ದು ಅದರ ಲೆಕ್ಕಕ್ಕೆ ಸರಿಯಾಗಿ ಬಂದಿರದಿದ್ದರೂ ಅಂಕಿಯೇ. ಅನುಮಾನದ ಪಟ್ಟಿಯನ್ನು ಜೊತೆಗೆ ಮುದ್ರಿಸಲು ಅದಕ್ಕೆ ಕಲಿಸಬಹುದು, ಕಲಿಸಿಯೂ ಇದ್ದಾರೆ. ಆದರೆ ಇವತ್ತು, ಈ ಇಳಿಜಾರಿಗೆ, ಈ ಅನುಮಾನ ಒಂದು ಜೀವಕ್ಕೆ ಸಾಕೇ ಎಂದು ತೂಗುವುದು ಲೆಕ್ಕದ ಕೆಲಸವಲ್ಲ.

ಈಚಿನ ವರ್ಷಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಯುರೋಪಿನಲ್ಲಿ 1993ರಿಂದ ಹಿಮಕುಸಿತದ ಅಪಾಯವನ್ನು ಐದು ಮಟ್ಟಗಳಲ್ಲಿ ಹೇಳುವ ಪದ್ಧತಿ ಇದೆ. ಸ್ವಿಟ್ಜರ್ಲೆಂಡಿನವರು ಇಪ್ಪತ್ತು ವರ್ಷಗಳ ಹವಾಮಾನ, ಸ್ನೋಪ್ಯಾಕ್‌ನ ಲೆಕ್ಕ, ಮತ್ತು ಆಯಾ ದಿನ ಮುನ್ಸೂಚಕರು ಕೊಟ್ಟಿದ್ದ ಮಟ್ಟ, ಇವನ್ನೆಲ್ಲ ಯಂತ್ರಕ್ಕೆ ಉಣಿಸಿ ಅಪಾಯದ ಮಟ್ಟವನ್ನು ತಾನೇ ಹೇಳಲು ಕಲಿಸಿದರು. 2022ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಅದು ಸರಿ ಹೇಳಿತು. ಓದಿದಾಗ ನನಗೆ ಸಂತೋಷವಾಯಿತು. ಆದರೆ ಸರಿ ಎಂದರೆ ಯಾವುದಕ್ಕೆ ಹೋಲಿಸಿ? ಮನುಷ್ಯ ಮುನ್ಸೂಚಕರು ಹೇಳಿದ್ದಕ್ಕೆ ಹೋಲಿಸಿ. ಬೇರೆ ದಾರಿಯೂ ಹೆಚ್ಚು ಇಲ್ಲ. ಅಪಾಯದ ಮಟ್ಟ ಎನ್ನುವುದು ತಕ್ಕಡಿಯಲ್ಲಿಟ್ಟು ತೂಗುವ ವಸ್ತುವಲ್ಲ. ಅಪಾಯವಿದ್ದೂ ಆ ದಿನ ಏನೂ ಬೀಳದೆ ಹೋಗಬಹುದು.

ಇದರಲ್ಲಿ ತಪ್ಪಿಲ್ಲ, ಆದರೆ ಎಚ್ಚರ ಬೇಕು. ಪಂಚಾಯ್ತಿಯಲ್ಲಿ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಮಾತಿಗೆ ತೂಕ ಬರುತ್ತದೆ. ಆ ಇಬ್ಬರೂ ದಾರಿಯಲ್ಲಿ ಮಾತಾಡಿಕೊಂಡು ಬಂದಿದ್ದರೆ ಆ ತೂಕ ಉಳಿಯುವುದಿಲ್ಲ. ಯಂತ್ರ ಕಲಿತದ್ದು ಮನುಷ್ಯರಿಂದ. ನಾಳೆ ಮನುಷ್ಯರು ಬೆಳಿಗ್ಗೆ ಎದ್ದು ಮೊದಲು ಯಂತ್ರದ ಅಂಕಿ ನೋಡಿ, ಆಮೇಲೆ ತಮ್ಮ ಅಭಿಪ್ರಾಯ ಬರೆಯತೊಡಗಿದರೆ, ಮುಂದಿನ ಯಂತ್ರ ಕಲಿಯುವುದು ಅದನ್ನು. ಇಬ್ಬರ ಮಾತೂ ಹೆಚ್ಚು ಹೆಚ್ಚು ಹೊಂದುತ್ತಾ ಹೋಗುತ್ತದೆ, ಇಬ್ಬರೂ ಬೆಟ್ಟದಿಂದ ದೂರ ದೂರ ಹೋಗುತ್ತಾರೆ. ಹಾಗಾಗದಂತೆ ತಡೆಯುವ ಉಪಾಯ ತುಂಬ ಸರಳ. ಮುನ್ಸೂಚಕರು ಮೊದಲು ತಮ್ಮ ಅಂದಾಜು ಬರೆದಿಡಲಿ, ಆಮೇಲೆ ಯಂತ್ರದ್ದು ನೋಡಲಿ. ಎರಡೂ ಹೊಂದದ ದಿನವೇ ಆ ಯಂತ್ರ ನಿಜಕ್ಕೂ ಕೆಲಸಕ್ಕೆ ಬರುವ ದಿನ. ಅವತ್ತು ಯಾರಾದರೂ ಎದ್ದು ಹೋಗಿ, ಹೋಗಬಹುದಾದ ಕಡೆ, ಒಂದು ಗುಂಡಿ ತೋಡಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವ ಗಾದೆ ಕಾಣದೆ ತಿಳಿದದ್ದಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ.

ಬಣ್ಣಗಳ ವಿಷಯ ಇನ್ನೂ ಸೂಕ್ಷ್ಮ. ಆಸ್ಟ್ರಿಯಾದ ಗಾಲ್ಟ್ಯೂರ್ ಎಂಬ ಹಳ್ಳಿಯ ಮೇಲೆ 1999ರ ಫೆಬ್ರುವರಿ 23ರಂದು ಹಿಮ ಬಿದ್ದು 31 ಮಂದಿ ಸತ್ತರು. ಅಪಾಯದ ನಕ್ಷೆಯಲ್ಲಿ ಹಸಿರೆಂದು ಗುರುತಾಗಿದ್ದ ಜಾಗದವರೆಗೂ ಹಿಮ ನುಗ್ಗಿತ್ತು. ಇನ್ನೂ ಹತ್ತಿರದ ಉದಾಹರಣೆ ನಮ್ಮ ನೆರೆಯ ವಯನಾಡಿನದು. ಅಲ್ಲಿನದು ಹಿಮವಲ್ಲ, ಮಣ್ಣು. ಆದರೆ ಕಾಣದ ಪದರ ಜಾರುವ ಕಥೆ ಒಂದೇ. 2024ರ ಜುಲೈ 19ರಂದು ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆಯಾಯಿತು. ಹನ್ನೊಂದು ದಿನ ಕಳೆದು, ಜುಲೈ 30ರ ನಸುಕಿನಲ್ಲಿ, ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರುದಿನವೇ, ನಾವು ಮೊದಲೇ ಎಚ್ಚರಿಸಿದ್ದೆವು ಎಂದು ಕೇಂದ್ರ ಗೃಹ ಸಚಿವರು ರಾಜ್ಯಸಭೆಯಲ್ಲಿ ಹೇಳಿದರು. ಆ ದಿನಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ಬಂದಿದ್ದು ಹಸಿರು ಸೂಚನೆ ಎಂದು ಕೇರಳದ ಮುಖ್ಯಮಂತ್ರಿ ಹೇಳಿದರು. ಯಾರು ಸರಿ ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ. ಹೆಣಗಳನ್ನು ಇನ್ನೂ ಹುಡುಕುತ್ತಿದ್ದಾಗ ನಡೆದ ಆ ವಾದ ಹೇಳುವುದು ಇಷ್ಟು: ಮಾತು ಹೊರಟಿತ್ತು, ಆದರೆ ಅದರ ಒಡೆಯರು ಯಾರೆಂಬುದು ಖಚಿತವಿರಲಿಲ್ಲ.

ಹಸಿರು ಎಂದರೆ ಏನು? ಬರೆದವರ ಪಾಲಿಗೆ, ನಮ್ಮ ಲೆಕ್ಕದಲ್ಲಿ ಅಪಾಯದ ಗುರುತು ಸಿಗಲಿಲ್ಲ ಎಂದು. ಓದುವವರ ಪಾಲಿಗೆ, ಅಪಾಯವಿಲ್ಲ, ಹೋಗಿ ಮಲಗಿ ಎಂದು. ಈ ಎರಡರ ನಡುವಿನ ಅಂತರದಲ್ಲಿ ಜನ ಸಾಯುತ್ತಾರೆ. ಆಲ್ಪ್ಸ್‌ನಲ್ಲಿ ಹಿಮಕುಸಿತದ ಸಾವುಗಳು ಹೆಚ್ಚು ಆಗುವುದು ಐದನೇ ಮಟ್ಟದ ದಿನಗಳಲ್ಲಲ್ಲ, ನಡುವಿನ ಮೂರನೇ ಮಟ್ಟದ ದಿನಗಳಲ್ಲಿ. ಐದು ಎಂದರೆ ಎಲ್ಲರೂ ಮನೆಯಲ್ಲಿರುತ್ತಾರೆ. ಮೂರು ಎಂದರೆ ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ಅಂದಾಜು ಎಂದು ಹೊರಟ ಮಾತು ಅನುಮತಿಯಾಗಿ ತಲುಪುತ್ತದೆ.

ಹಾಗಾದರೆ ಮುನ್ಸೂಚಕರನ್ನು ಕಟಕಟೆಗೆ ಏರಿಸಬೇಕೇ? ಇಟಲಿಯಲ್ಲಿ ಅದನ್ನೂ ಮಾಡಿ ನೋಡಿದರು. 2009ರ ಏಪ್ರಿಲ್ 6ರ ಲಾಕ್ವಿಲಾ ಭೂಕಂಪಕ್ಕೆ ಮುಂಚೆ ಜನರಿಗೆ ಸುಳ್ಳು ಭರವಸೆ ಕೊಟ್ಟರೆಂದು ಆರು ವಿಜ್ಞಾನಿಗಳು ಮತ್ತು ಒಬ್ಬ ಅಧಿಕಾರಿಗೆ 2012ರಲ್ಲಿ ಆರು ವರ್ಷ ಶಿಕ್ಷೆಯಾಯಿತು. 2014ರಲ್ಲಿ ಮೇಲ್ಮನವಿಯಲ್ಲಿ ವಿಜ್ಞಾನಿಗಳು ಬಿಡುಗಡೆಯಾದರು, ಅಧಿಕಾರಿಯ ಶಿಕ್ಷೆ ಕಡಿಮೆಯಾಯಿತು. ಶಿಕ್ಷೆಯ ಭಯ ಹುಟ್ಟಿದರೆ ಮುನ್ಸೂಚಕರು ಮಾಡುವುದು ಒಂದೇ: ದಿನಾ ಕೆಂಪು ಬಾವುಟ ಹಾರಿಸುವುದು. ದಿನಾ ಕೆಂಪು ಕಂಡವರು ಒಂದು ದಿನ ಅದನ್ನು ನೋಡುವುದನ್ನೇ ಬಿಡುತ್ತಾರೆ.

ಪಾಲಾರ್ ಎಂದರೆ ಹೊರಗಿನವರಿಗೆ ನೆನಪಾಗುವುದು 1993ರ ಏಪ್ರಿಲ್ 9. ಅವತ್ತು ವೀರಪ್ಪನ್ ಗುಂಪು ರಸ್ತೆಯಡಿ ಇಟ್ಟಿದ್ದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಅಲ್ಲೂ ಅಪಾಯ ಕಾಲಡಿಯಲ್ಲಿತ್ತು, ಕಾಣುತ್ತಿರಲಿಲ್ಲ. ಆದರೆ ಅದನ್ನು ಇಟ್ಟ ಕೈಗಳಿದ್ದವು. ಆದ್ದರಿಂದ ಪ್ರಕರಣ ನಡೆಯಿತು, ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2014ರಲ್ಲಿ ನಾಲ್ವರ ಮರಣದಂಡನೆ ಜೀವಾವಧಿಯಾಗುವವರೆಗೂ ಮುಗಿಯಲಿಲ್ಲ. ಹಿಮವನ್ನು ಯಾರೂ ಇಡುವುದಿಲ್ಲ. ಅದಕ್ಕೆ ದ್ವೇಷವಿಲ್ಲ. ಅದರ ವಿರುದ್ಧ ಕೇಸು ಹಾಕಲಾಗದು. ಅಪರಾಧಿ ಇಲ್ಲದ ಕಡೆ ಹೊಣೆಯೂ ಇಲ್ಲ ಎಂದು ನಾವು ಬೇಗ ಒಪ್ಪಿಕೊಂಡುಬಿಡುತ್ತೇವೆ. ಹಿಂದೆ "ದೇವರ ಇಚ್ಛೆ" ಎಂದು ಕೈ ತೊಳೆದುಕೊಳ್ಳುತ್ತಿದ್ದವರಿಗೆ ಇನ್ನು "ಮಾದರಿ ಹಾಗೆ ತೋರಿಸಿತ್ತು" ಎನ್ನುವ ಹೊಸ ಮಾತು ಸಿಗುತ್ತದೆ. ನನಗಿರುವ ಭಯ ಇದು. ಯಂತ್ರ ತಪ್ಪು ಹೇಳುತ್ತದೆ ಎಂಬುದಲ್ಲ, ಅದರ ಹಿಂದೆ ನಿಲ್ಲಲು ಎಷ್ಟು ಜನಕ್ಕೆ ಬೇಕಾದರೂ ಜಾಗವಿದೆ ಎಂಬುದು.

ಹೊಣೆ ಎಂದರೆ ಶಿಕ್ಷೆಯಲ್ಲ. ಕೇಳಿದರೆ ಉತ್ತರ ಕೊಡಲು ಒಬ್ಬರು ಇರುವುದು. ಕೆಆರ್‌ಎಸ್ ಮತ್ತು ಕಬಿನಿಯಿಂದ ಒಟ್ಟಿಗೆ ನೀರು ಬಿಟ್ಟಾಗಲೆಲ್ಲ ಕೊಳ್ಳೇಗಾಲದ ಕಾವೇರಿ ದಡದ ದಾಸನಪುರ, ಮುಳ್ಳೂರು, ಹರಳೆ, ಯಡಕುರಿಯ ಮುಂತಾದ ಹಳ್ಳಿಗಳಿಗೆ ನೀರು ನುಗ್ಗುತ್ತದೆ. 2018ರಲ್ಲಿ, 2019ರಲ್ಲಿ ಜನ ಮನೆ ಬಿಟ್ಟು ಗಂಜಿ ಕೇಂದ್ರ ಸೇರಿದ್ದರು. ಎಷ್ಟು ಕ್ಯುಸೆಕ್ ಬಿಟ್ಟರೆ ಎಷ್ಟು ಗಂಟೆಗೆ ಎಲ್ಲಿಗೆ ಬರುತ್ತದೆ ಎಂಬುದಕ್ಕೂ ಲೆಕ್ಕವಿದೆ, ಮೊಬೈಲಿಗೆ ಸಂದೇಶವೂ ಬರುತ್ತದೆ. ಆ ಕಡೆಯ ಅಜ್ಜಿಯೊಬ್ಬರು, ಮೊಬೈಲಿನ ಸಂದೇಶವನ್ನು ಓದಿ ಹೇಳಿದ ಮೊಮ್ಮಗನನ್ನು ಕೇಳಿದ್ದು ಎಷ್ಟು ಕ್ಯುಸೆಕ್ ಎಂದಲ್ಲ. "ನೀರ್ ಬತ್ತದ ಅಂತ ಯೋಳ್ದವ್ರು ಯಾರಪ್ಪ?" ಎಂದು. ಗ್ರಾಮಲೆಕ್ಕಿಗರು ಬಾಗಿಲಿಗೆ ಬಂದು ಹೇಳಿದ ಮೇಲೆ ಕೋಳಿ, ಹಟ್ಟಿಯ ಆಡು ಎಲ್ಲ ಹೊಡೆದುಕೊಂಡು ಹೊರಟರು. ಇದನ್ನು ಅಜ್ಞಾನ ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆ ಬಿಡುವುದು ಸಣ್ಣ ವಿಷಯವಲ್ಲ. ನೀರು ಬಾರದೆ ಹೋದರೆ, ಬಂದು ಎಲ್ಲ ಕೊಚ್ಚಿಹೋದರೆ, ಎರಡಕ್ಕೂ ನಾಳೆ ಹೋಗಿ ಕೇಳಲು ಒಂದು ಮುಖ ಬೇಕು. ಅಜ್ಜಿ ಹುಡುಕಿದ್ದು ಆ ಮುಖವನ್ನು.

ಹೀಗಾಗಿ ಒಂದು ಮುನ್ಸೂಚನೆ ನೈತಿಕವಾಗಿ ಪೂರ್ತಿಯಾಗಬೇಕಾದರೆ ಅದರಲ್ಲಿ ಅಂಕಿಯ ಜೊತೆಗೆ ಇನ್ನು ಕೆಲವು ಮಾತು ಇರಬೇಕು ಎಂದು ನನಗನ್ನಿಸುತ್ತದೆ. ಇದನ್ನು ಹೇಳುತ್ತಿರುವವರು ಯಾರು. ಏನನ್ನು ನೋಡಿ ಹೇಳುತ್ತಿದ್ದಾರೆ: ಅಗೆದು ನೋಡಿದ್ದೋ, ಲೆಕ್ಕ ಹಾಕಿದ್ದೋ. ಯಾವ ಕಡೆ ನೋಡಲು ಆಗಲಿಲ್ಲ. ಮತ್ತೆ ಯಾವಾಗ ನೋಡುತ್ತಾರೆ. ಇವುಗಳಲ್ಲಿ ಯಾವುದನ್ನೂ ಯಂತ್ರ ತಾನಾಗಿ ಕೊಡುವುದಿಲ್ಲ, ಆದರೆ ಇವನ್ನು ಕೊಡಬಲ್ಲವರಿಗೆ ಬೇಕಾದ ಬಿಡುವನ್ನು ಅದು ಕೊಡಬಲ್ಲದು. ರಾತ್ರಿಯಿಡೀ ಪದರಗಳ ಲೆಕ್ಕ ಅದು ಹಾಕಿದರೆ, ಬೆಳಿಗ್ಗೆ ಮನುಷ್ಯರಿಗೆ ಸಂದೇಹಪಡಲು ಸಮಯ ಸಿಗುತ್ತದೆ. ಆ ಸಮಯವನ್ನು ಸಂದೇಹಕ್ಕೆ ಬಳಸದೆ, ಕೆಲಸ ಮುಗಿಯಿತು ಎಂದು ಮುನ್ಸೂಚಕರ ಹುದ್ದೆಯನ್ನೇ ತೆಗೆದುಹಾಕಿದರೆ, ಮೈಯನ್ನು ಅಳತೆಗೋಲಾಗಿಸುವ ಹಳೆಯ ಅನ್ಯಾಯ ಮತ್ತೆ ಬರುತ್ತದೆ. ಈ ಸಲ ಬಣ್ಣದ ನಕ್ಷೆಯನ್ನು ಕೈಯಲ್ಲಿ ಹಿಡಿಸಿ ಕಳಿಸಿರುತ್ತೇವೆ, ಅಷ್ಟೇ ವ್ಯತ್ಯಾಸ.

ಈ ಚಳಿಗಾಲದಲ್ಲೂ ನಮ್ಮ ತಾಲ್ಲೂಕುಗಳ ಹುಡುಗರು ಆ ಎತ್ತರದಲ್ಲಿರುತ್ತಾರೆ. ಅವರು ದಾಟಬೇಕಾದ ಇಳಿಜಾರಿನ ಲೆಕ್ಕವನ್ನು ಒಳ್ಳೆಯ ಯಂತ್ರವೇ ಹಾಕಲಿ, ಇನ್ನೂ ಒಳ್ಳೆಯದು ಬರಲಿ. ಆ ಲೆಕ್ಕದ ಕೆಳಗೆ ಒಂದು ಹೆಸರೂ ಇರಲಿ. ಹಗ್ಗ ಕಟ್ಟಿಕೊಂಡು ನಿಂತ ಹುಡುಗ ತಲೆಯೆತ್ತಿ, ಇದನ್ನು ಯಾರು ಹೇಳಿದ್ದು ಎಂದು ಕೇಳಿದರೆ, ನಾನು ಎನ್ನಲು ಒಬ್ಬರು ಇರಬೇಕು.